ಹೆಬ್ಬಾತಮ್ಮನ ಪರೀಕ್ಷೆ

ಕಾರಿನ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ. ವಿಯೊಲೆತ್ತಾ ಬನಾಶ್ ಒಂದು ಕೈಯಲ್ಲಿ ಅದನ್ನು ಹೆರೆಯುತ್ತಿದ್ದಾಳೆ, ಇನ್ನೊಂದು ಕೈಯಲ್ಲಿ ಪ್ಲೈವುಡ್ಡಿನ ಗಾಳಿಗಿರಣಿಯೊಂದು ಬೀಳದಂತೆ ಹಿಡಿದಿದ್ದಾಳೆ. ಹಲ್ಲಿನ ನಡುವೆ ವೈನ್ ಸೀಸೆಯ ಬಿರಟೆ. ಬಿರಟೆ ಕಚ್ಚಿಕೊಂಡೇ ಯಾವುದೋ ಪದ್ಯ ಒಪ್ಪಿಸುತ್ತಿದ್ದಾಳೆ. ಬಾಯಿಂದ ಪದಕ್ಕಿಂತ ಹೆಚ್ಚು ಹಬೆ ಬರುತ್ತಿದೆ. ರಾದೊಮ್ ಪಟ್ಟಣದ ಈ ವಠಾರದಲ್ಲಿ ನವೆಂಬರಿನ ಬೆಳಕು ಇನ್ನೂ ಹರಿದಿಲ್ಲ. ನಾಯಿ ತಿರುಗಾಡಿಸಲು ಇಳಿದುಬಂದ ಕೆಳಮನೆಯ ಅಜ್ಜಿ ನಿಂತು ನೋಡುತ್ತಾರೆ.

"ಏನಮ್ಮಾ ವಿಯೊಲಾ, ಬೆಳಬೆಳಿಗ್ಗೆನೇ ಬೊಗಳೋಕೆ ಶುರು ಮಾಡಿದ್ಯಲ್ಲ?"

ಅವಳು ಬಿರಟೆ ತೆಗೆಯುತ್ತಾಳೆ. "ನಿಮ್ಮ ನಾಯಿಗೆ ಪಾಠ ಹೇಳ್ಕೊಡ್ತಿದೀನಿ ಅಜ್ಜಿ. ಪಾಪ, ಅದರ ಉಚ್ಚಾರಣೆ ಸರಿಯಿಲ್ಲ."

ಬಿರಟೆ ಕಚ್ಚಿ ಮಾತಾಡುವುದು ಇಲ್ಲಿನ ನಟರೆಲ್ಲ ಮಾಡುವ ಸಾಧನೆ. ಆಮೇಲೆ ಬಿರಟೆ ತೆಗೆದರೆ ನಾಲಿಗೆ ಹಗುರಾಗಿ ಅಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಮೂವತ್ತೆಂಟು ವರ್ಷದ ವಿಯೊಲೆತ್ತಾಗೆ ಈ ಸಾಧನೆ ಮಾಡಲು ಸಿಗುವ ಹೊತ್ತು ಇದೊಂದೇ. ಗಿರಣಿ, ಬಟ್ಟೆಯ ಗಂಟು, ಅಕಾರ್ಡಿಯನ್ ಎಲ್ಲ ಹಿಂದಿನ ಸೀಟಿಗೆ ತುರುಕಿಯಾದ ಮೇಲೆ ಝೆನೊನ್ ಕುಂಟುತ್ತ ಬಂದು ಚಾಲಕನ ಜಾಗದಲ್ಲಿ ಕೂರುತ್ತಾರೆ. ಅರವತ್ತೈದು ದಾಟಿದ ಈ ಹಳೆಯ ನಟರದೇ ಕಂಪನಿ. ಕಂಪನಿ ಎಂದರೆ ಈ ಕಾರು, ಅವರು, ಇವಳು. ಫ್ಲಾಸ್ಕಿನಲ್ಲಿ ರಾಸ್ಪ್‌ಬೆರಿ ಪಾನಕ ಬೆರೆಸಿದ ಚಹಾ ಇದೆ. ಅದಷ್ಟೇ ಬೆಳಗಿನ ತಿಂಡಿ. ಹೊಟ್ಟೆ ತುಂಬಿದರೆ ದನಿ ಏಳುವುದಿಲ್ಲ.

ಇವರು ಹೋಗುವುದು ಸುತ್ತಲಿನ ಹಳ್ಳಿಗಳ ಶಿಶುವಿಹಾರಗಳಿಗೆ. ಬೆಳಿಗ್ಗೆ ಮೂರು ಕಡೆ ಆಟ, ಒಂದೊಂದು ಮುಕ್ಕಾಲು ಗಂಟೆ. ಮೊದಲ ಹಳ್ಳಿಯ ಕೋಣೆಯಲ್ಲಿ ಹಾಲಿನ ಗಂಜಿಯ ವಾಸನೆ, ಒದ್ದೆ ಉಣ್ಣೆಯ ವಾಸನೆ. ಗೋಡೆಯ ಬಿಸಿಕೊಳವೆಗಳ ಮೇಲೆ ಪುಟ್ಟ ಪುಟ್ಟ ಕೈಗವಸುಗಳು ಒಣಗುತ್ತಿವೆ. ಅಷ್ಟರಲ್ಲೇ ವಿಯೊಲೆತ್ತಾ ಹೆಬ್ಬಾತಮ್ಮನಾಗಿ ಬಂದುಬಿಡುತ್ತಾಳೆ. ಹಿತ್ತಲಿಗೆ ಮರಿ ಹುಡುಕಲು ಬಂದ ತಾಯಿಯ ಹಾಗೆ ಒಂದಿಷ್ಟು ಗಾಬರಿ, ಒಂದಿಷ್ಟು ಜಂಬ. ಮರಿಯನ್ನು ನರಿ ಕದ್ದಿದೆ. ನರಿಯಾದ ಝೆನೊನ್ ಅವಳ ಬೆನ್ನ ಹಿಂದೆಯೇ ಗಿರಣಿಯ ಮರೆಯಲ್ಲಿ ಕುಳಿತಿದ್ದಾರೆ.

"ಎಲ್ಲಿದ್ದಾನೆ ಅವನು?" ಎಂದು ಅವಳು ಮಕ್ಕಳನ್ನು ಕೇಳುತ್ತಾಳೆ. ಕೇಳಿ ನಿಲ್ಲುತ್ತಾಳೆ. ಮೊದಲು ಒಂದು ಸಣ್ಣ ದನಿ, ಆಮೇಲೆ ಎರಡು, ಆಮೇಲೆ ಹಾಲು ಉಕ್ಕಿದ ಹಾಗೆ ಇಡೀ ಕೋಣೆ. "ಹಿಂದೆ! ಹಿಂದೆ ನೋಡು!"

ಮುಂದಿನ ಸಾಲಿನ ಒಂದು ಹೆಣ್ಣುಮಗು ನರಿಗೆ ಹೆದರಿ ಬಿಕ್ಕಲು ತೊಡಗುತ್ತದೆ. ಹೆಬ್ಬಾತಮ್ಮ ಅದನ್ನು ಎತ್ತಿ ಸೊಂಟಕ್ಕೆ ಏರಿಸಿಕೊಳ್ಳುತ್ತಾಳೆ, ರೆಕ್ಕೆಯ ಅಂಚಿನಲ್ಲೇ ಮೂಗು ಒರೆಸುತ್ತಾಳೆ. ಮಾತು ತಪ್ಪುವುದಿಲ್ಲ, ಹೆಬ್ಬಾತಿನ ನಡಿಗೆಯೂ ತಪ್ಪುವುದಿಲ್ಲ. ಮಗು ಆಟ ಮುಗಿಯುವ ತನಕ ಅಲ್ಲೇ ಕುಳಿತು ನರಿಯನ್ನು ಗದರಿಸುತ್ತದೆ.

"ಕೇಳಿದ್ಮೇಲೆ ಉತ್ತರ ಬರೋ ತನಕ ಕಾಯ್ಬೇಕು. ಇದು ನಾನು ಅವಳಿಗೆ ಕಲಿಸಿದ ಮೊದಲ ಪಾಠ," ಎನ್ನುತ್ತಾರೆ ಝೆನೊನ್, ನರಿಯ ಬಾಲ ಸುತ್ತಿಡುತ್ತ. "ಕಾಯದೆ ಮುಂದಿನ ಮಾತಿಗೆ ಹಾರಿದ್ರೆ ಮಕ್ಕಳಿಗೆ ಗೊತ್ತಾಗುತ್ತೆ, ಇವಳು ಸುಮ್ನೆ ಕೇಳಿದ್ದು ಅಂತ. ಆಮೇಲೆ ಒಂದು ಮಗೂನೂ ಬಾಯಿ ಬಿಡಲ್ಲ."

ಈ ಪಾಠವೇ ಕಳೆದ ವರ್ಷ ಅವಳನ್ನು ಮುಳುಗಿಸಿತು.

ವಿಯೊಲೆತ್ತಾಳ ತಾಯಿ ತೆರೇಸಾ ಇದೇ ಊರಿನ ಪಾದರಕ್ಷೆ ಕಾರ್ಖಾನೆಯಲ್ಲಿ ಬೂಟು ಹೊಲಿಯುತ್ತಿದ್ದವರು. ಮಗಳು ಶಾಲೆ ಮುಗಿಸಿದಾಗ ದೊಡ್ಡ ಊರಿನ ನಾಟಕಶಾಲೆಗೆ ಅರ್ಜಿ ಹಾಕಿದಳು. ಒಂದಲ್ಲ, ಮೂರು ವರ್ಷ. ಮೂರು ಸಲವೂ ತೆಗೆದುಕೊಳ್ಳಲಿಲ್ಲ. ಮುಂದಿನ ಹಲ್ಲುಗಳ ನಡುವೆ ಸಂದಿ, ಮಾತಿನ ತುದಿಯಲ್ಲಿ ರಾದೊಮ್‌ನ ಎಳೆತ. "ಮುಖ ಚೆನ್ನಾಗಿದೆ, ಬಾಯಿ ತೆರೆಯೋ ತನಕ ಅಂದ್ರು ಪರೀಕ್ಷಕರೊಬ್ಬರು. ನಾನು ಬಾಯಿ ತೆಗೆದು ನಕ್ಕೆ, ಪೂರ್ತಿ ನೋಡ್ಲಿ ಅಂತ," ಎನ್ನುತ್ತಾಳೆ. ನಾಲ್ಕನೇ ಸಲಕ್ಕೆ ವಯಸ್ಸು ಮೀರಿತು. ಆಮೇಲೆ ದೊಡ್ಡ ಅಂಗಡಿಯೊಂದರ ಮಾಂಸದ ಕೌಂಟರು. ಬಿಳಿ ಟೋಪಿ, ತಣ್ಣನೆಯ ಕೈ, ಹ್ಯಾಮ್ ಕತ್ತರಿಸುವ ಯಂತ್ರ. ಹೀಗೇ ಹನ್ನೆರಡು ವರ್ಷ.

ಝೆನೊನ್ ಅಲ್ಲಿ ಸಾಲಿನ ಕೊನೆಯಲ್ಲಿ ನಿಂತಿದ್ದ ಗಿರಾಕಿ. ಅವರ ಜೊತೆಯ ನಟಿ ಧಾರಾವಾಹಿಯೊಂದಕ್ಕೆ ಹೋಗಿಬಿಟ್ಟಿದ್ದರು. ಒಪ್ಪಿಕೊಂಡ ಆಟಗಳು ಹಾಗೇ ನಿಂತಿದ್ದವು. ಕೌಂಟರಿನಿಂದ ಒಂದು ದನಿ, "ಮುಂದಿನವರು ಯಾರು? ನಾಚ್ಕೋಬೇಡಿ, ಹಂದಿ ಕಚ್ಚಲ್ಲ, ಸತ್ತಿದೆ!" ಎಂದದ್ದು ಅಂಗಡಿಯ ಬಾಗಿಲ ತನಕ ಕೇಳಿತು, ಕಿರುಚದೆಯೇ ಕೇಳಿತು. ಅವರ ಸರದಿ ಬಂದಾಗ ಝೆನೊನ್ ಸಾಸೇಜು ಕೇಳಲಿಲ್ಲ. "ನಾಳೆ ರಜ ಹಾಕ್ತೀರಾ?" ಎಂದು ಕೇಳಿದರು.

ಅವಳು ಹಾಕಿದಳು. ಮರುದಿನ ಹೆಬ್ಬಾತಿನ ರೆಕ್ಕೆಯೊಳಗೆ ತೋಳು ತೂರಿಸಿದವಳು ಮತ್ತೆ ಆ ಬಿಳಿ ಟೋಪಿ ಹಾಕಲಿಲ್ಲ.

ತೆರೇಸಾ ಇದನ್ನು ಇಂದಿಗೂ ಒಪ್ಪಿಲ್ಲ. ಹುಳಿ ಎಲೆಕೋಸಿನ ಪಾತ್ರೆ ಕಲಕುತ್ತ ಒಲೆಯ ಮುಂದಿನಿಂದಲೇ ಹೇಳುತ್ತಾರೆ. "ಹ್ಯಾಮ್ ಮಾರೋಳು ರಾಣಿ ಆಗ್ತಾಳಂತೆ. ಆಗಿದ್ದು ಏನು? ಬಾತು!"

"ಹೆಬ್ಬಾತು, ಅಮ್ಮ."

"ಹಬ್ಬಕ್ಕೆ ಎರಡನ್ನೂ ಒಂದೇ ಥರ ಹುರಿಯೋದು."

ಊರಿನ ನಾಟಕಮಂದಿರದಲ್ಲೂ ಅವಳಿಗೆ ಆಗಾಗ ಕರೆ ಬರುತ್ತದೆ. ಜಾತ್ರೆಯ ಗುಂಪಿನಲ್ಲಿ ಒಬ್ಬಳು, ಶವಯಾತ್ರೆಯಲ್ಲಿ ಒಬ್ಬಳು. ಅದಕ್ಕಿಂತ ಮೇಲೆ ಏರಬೇಕಾದರೆ ಕೈಯಲ್ಲಿ ನಟಿ ಎನ್ನುವ ಪ್ರಮಾಣಪತ್ರ ಬೇಕು. ನಾಟಕಶಾಲೆ ಓದದವರಿಗೆ ಅದು ಸಿಗುವ ದಾರಿ ಒಂದೇ, ವಾರ್ಸಾದಲ್ಲಿ ನಡೆಯುವ ಹೊರಗಿನವರ ಪರೀಕ್ಷೆ. ಕಳೆದ ವರ್ಷ ಅವಳು ಅಲ್ಲಿಗೆ ಒಂದು ಹಳೆಯ ದುರಂತ ನಾಟಕದ ರಾಣಿಯ ಮಾತನ್ನು ಒಯ್ದಿದ್ದಳು. ರಾಣಿಯ ಮಗನನ್ನು ಕೊಂದವನು ಸಭೆಯಲ್ಲೇ ಎಲ್ಲೋ ಇದ್ದಾನೆ. "ಎಲ್ಲಿದ್ದಾನೆ ಅವನು?" ಎಂದು ರಾಣಿ ಸಭೆಯನ್ನು ಕೇಳುತ್ತಾಳೆ.

ವಿಯೊಲೆತ್ತಾ ಕೇಳಿದಳು. ಕೇಳಿ, ಅಭ್ಯಾಸಬಲದಿಂದ, ಕತ್ತು ಮುಂದೆ ಚಾಚಿ ಹುಬ್ಬು ಏರಿಸಿ ಕಾದಳು. ಮೇಜಿನ ಆಚೆಗಿನ ಹಿರಿಯರು ಅವಳನ್ನು ನೋಡಿದರು, ಅವಳು ಅವರನ್ನು ನೋಡಿದಳು. ಕೊನೆಗೆ ಬಿಳಿ ಗಡ್ಡದ ಅಧ್ಯಕ್ಷರು, "ಮಾತು ಮರೆತುಹೋಯಿತೇ ಮೇಡಂ?" ಎಂದರು.

"ಇಲ್ಲ ಸಾರ್, ನೀವು ಹೇಳ್ಲಿ ಅಂತ ಕಾಯ್ತಿದೀನಿ," ಎಂದುಬಿಟ್ಟಳು.

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಆದರೆ ನಕ್ಕ ಮೇಲೆ ರಾಣಿ ಉಳಿಯಲಿಲ್ಲ. ಪರೀಕ್ಷೆಯಲ್ಲಿ ಬಿದ್ದಳು. ವಿಷಯ ರಾದೊಮ್ ತಲುಪಿ, ನಾಟಕಮಂದಿರದ ಮೆಟ್ಟಿಲಲ್ಲಿ ಸಿಗರೇಟು ಸೇದುವ ನಟರು ಅವಳನ್ನು ಕಂಡರೆ, "ಹಿಂದೆ! ಹಿಂದೆ ನೋಡು!" ಎಂದು ಕೂಗಲು ಶುರುಮಾಡಿದರು. ಅವಳು ತಿರುಗಿ ನೋಡಿ, ನಮಸ್ಕಾರ ಮಾಡಿ ಹೋಗುತ್ತಿದ್ದಳು.

ಈ ವರ್ಷ ಮತ್ತೆ ಹೆಸರು ಕೊಟ್ಟಿದ್ದಾಳೆ. ಈ ಮಧ್ಯೆ ಹಳೆಯ ಅಂಗಡಿಯ ಮ್ಯಾನೇಜರು ಫೋನ್ ಮಾಡಿದ್ದಾರೆ, ಮಾಂಸದ ವಿಭಾಗಕ್ಕೆ ಮುಖ್ಯಸ್ಥೆ ಬೇಕು, ಪರೀಕ್ಷೆ ಮುಗಿಸಿ ಹೇಳು ಎಂದು. ತೆರೇಸಾ ಮಗಳ ಪರವಾಗಿ ಆಗಲೇ ಒಪ್ಪಿಕೊಂಡಿದ್ದಾರೆ. "ಈ ಸಲ ಬಿದ್ರೆ ಟೋಪಿ ಹಾಕ್ಕೋ. ಆಣೆ ಮಾಡು." ವಿಯೊಲೆತ್ತಾ ಆಣೆ ಮಾಡಿದ್ದಾಳೆ. ಆಣೆ ಮಾಡಿದ ರಾತ್ರಿ ನಿದ್ದೆ ಬರಲಿಲ್ಲ ಎಂದು ಅವಳೇ ಒಪ್ಪಿಕೊಳ್ಳುತ್ತಾಳೆ.

ಇಷ್ಟಾದರೂ ಪರೀಕ್ಷೆಗೆ ಒಯ್ಯುವ ಮಾತನ್ನು ಅವಳು ಬದಲಿಸಿಲ್ಲ. ಅದೇ ರಾಣಿ. ಅದೇ ಪ್ರಶ್ನೆ. ಕಾರಿನಲ್ಲಿ ಎರಡನೇ ಹಳ್ಳಿಗೆ ಹೋಗುವ ದಾರಿಯುದ್ದಕ್ಕೂ ಜಗಳ.

"ಮಾರಾಯ್ತಿ, ಬೇರೆ ಏನಾದ್ರೂ ಹೇಳೇ. ವಿಧವೆ ಇದಾಳೆ, ಹುಚ್ಚಿ ಇದಾಳೆ. ಬೇಕಾದಷ್ಟು ಹೆಂಗಸರಿದಾರೆ."

"ನನಗೆ ಇವಳೇ ಬೇಕು."

"ಹಾಗಾದ್ರೆ ಆ ನಿಲ್ಲೋದನ್ನಾದ್ರೂ ಬಿಡು. ಕೇಳು, ತಕ್ಷಣ ಮುಂದಕ್ಕೆ ಹೋಗು."

"ಯಾಕೆ? ನೀವೇ ಅಲ್ವಾ ಕಲಿಸಿದ್ದು? ಮಕ್ಕಳ ಮುಂದೆ ಸುಳ್ಳು ಕೇಳ್ಬಾರ್ದು, ದೊಡ್ಡವರ ಮುಂದೆ ಕೇಳ್ಬಹುದಾ?"

ಝೆನೊನ್ ಗೇರು ಬದಲಿಸುತ್ತಾರೆ. ಗೇರು ಕಿರುಗುಟ್ಟುತ್ತದೆ. "ಅಲ್ಲಿ ಯಾರೂ ಹಿಂದೆ ನೋಡು ಅನ್ನಲ್ಲ ಮಗಳೇ."

"ಅನ್ನದೆ ಇರ್ಲಿ. ನಾನು ನಿಲ್ತೀನಿ."

ಪರೀಕ್ಷೆಯ ದಿನ ರೈಲು ನಿಲ್ದಾಣದಲ್ಲಿ ಝೆನೊನ್ ಅವಳನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿ, ನೋಯುವ ಮಂಡಿಯಿಂದಲೇ ಅವಳ ಕುಂಡೆಗೊಂದು ಒದೆ ಕೊಡುತ್ತಾರೆ. ರಂಗಕ್ಕೆ ಹೋಗುವವರಿಗೆ ಇಲ್ಲಿ ಶುಭ ಕೋರುವುದು ಹೀಗೆಯೇ. ಒದೆಸಿಕೊಂಡವರು ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಅದೃಷ್ಟ ಕೆಡುತ್ತದೆ. ಬೆಂಚಿನ ಮೇಲಿದ್ದ ಹೆಂಗಸೊಬ್ಬರು ಪೊಲೀಸರನ್ನು ಕರೆಯಲೇ ಎಂದು ಕೇಳುತ್ತಾರೆ. "ಬೇಡ ಮೇಡಂ, ಇವರು ನಮ್ಮ ಯಜಮಾನ್ರು," ಎಂದು ವಿಯೊಲೆತ್ತಾ ರೈಲು ಹತ್ತುತ್ತಾಳೆ. ಆ ಹೆಂಗಸು ಇನ್ನಷ್ಟು ಗಾಬರಿಯಾಗುತ್ತಾರೆ.

ವಾರ್ಸಾದ ಆ ಕೋಣೆಯಲ್ಲಿ ಅದೇ ಉದ್ದನೆಯ ಮೇಜು, ಅದೇ ಬಿಳಿ ಗಡ್ಡದ ಅಧ್ಯಕ್ಷರು. ಹೆಸರು ನೋಡಿ ಅವರ ತುಟಿಯ ಅಂಚು ಸ್ವಲ್ಪ ಮೇಲೇರುತ್ತದೆ. ಅವರಿಗೆ ನೆನಪಿದೆ. ಹಾಡು ಮುಗಿಯುತ್ತದೆ, ಗದ್ಯ ಮುಗಿಯುತ್ತದೆ. ರಾಣಿ ಬರುತ್ತಾಳೆ.

"ಎಲ್ಲಿದ್ದಾನೆ ಅವನು?"

ಕೇಳಿ, ನಿಲ್ಲುತ್ತಾಳೆ. ಈ ಸಲ ಕತ್ತು ಚಾಚುವುದಿಲ್ಲ, ಹುಬ್ಬು ಏರಿಸುವುದಿಲ್ಲ. ಮೇಜಿನ ಎಡತುದಿಯಿಂದ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬರುತ್ತಾಳೆ. ಒಬ್ಬರು ಪೆನ್ನು ಕೆಳಗಿಡುತ್ತಾರೆ. ಒಬ್ಬರು ನೀರಿನ ಲೋಟಕ್ಕೆ ಕೈ ಚಾಚಿ, ಮುಟ್ಟದೆ ಹಿಂದಕ್ಕೆಳೆದುಕೊಳ್ಳುತ್ತಾರೆ. ಮರೆತುಹೋಯಿತೇ ಎಂದು ಯಾರೂ ಕೇಳುವುದಿಲ್ಲ. ಕೊನೆಗೆ ಅವಳ ಕಣ್ಣು ಅಧ್ಯಕ್ಷರ ಮೇಲೆ ನಿಲ್ಲುತ್ತದೆ. ಅವರೂ ನೋಡುತ್ತಾರೆ, ಇನ್ನೂ ನೋಡುತ್ತಾರೆ. ಆಮೇಲೆ ಆ ದೊಡ್ಡ ಮನುಷ್ಯರ ಕಣ್ಣು ತಾನಾಗಿ ಮೇಜಿಗೆ ಇಳಿಯುತ್ತದೆ, ಏನೋ ತಪ್ಪು ಮಾಡಿದವರ ಹಾಗೆ.

ಆಗ ಅವಳು ಮುಂದಿನ ಸಾಲು ಹೇಳುತ್ತಾಳೆ. "ಯಾರಿಗೂ ಗೊತ್ತಿಲ್ಲವೇ? ಹಾಗಾದರೆ ಎಲ್ಲರಿಗೂ ಗೊತ್ತು."

"ಹೋದ ಸಲ ಹೆಬ್ಬಾತು ಕಾದ ಹಾಗೆ ಕಾದೆ," ಎಂದು ಅವಳು ಆಮೇಲೆ ಹೇಳುತ್ತಾಳೆ. "ಈ ಸಲ ಮಗನ್ನ ಕಳ್ಕೊಂಡೋಳು ಕಾದ ಹಾಗೆ ಕಾದೆ. ಅಷ್ಟೇ ವ್ಯತ್ಯಾಸ. ಕಾಯೋದನ್ನ ಬಿಟ್ಟಿದ್ರೆ ನನ್ನ ಹತ್ತಿರ ಬೇರೆ ಏನೂ ಇರ್ಲಿಲ್ಲ."

ಸಂಜೆ ಫಲಿತಾಂಶ ಓದುತ್ತಾರೆ. ಉಚ್ಚಾರಣೆಯಲ್ಲಿ ಅವಳು ಅಂಚಿನಲ್ಲಿ ಪಾರಾಗಿದ್ದಾಳೆ. ಅಭಿನಯದಲ್ಲಿ ಅವಳ ಮುಂದೆ ಯಾರೂ ಇಲ್ಲ. ಅಧ್ಯಕ್ಷರು ಕೈಕುಲುಕುತ್ತ, "ನಿಮ್ಮ ರಾದೊಮ್ ಎಳೆತ ಇನ್ನೂ ಹೋಗಿಲ್ಲ ಮೇಡಂ," ಎನ್ನುತ್ತಾರೆ.

"ನಾನು ಕಳಿಸಿಲ್ಲ ಸಾರ್," ಎನ್ನುತ್ತಾಳೆ ವಿಯೊಲೆತ್ತಾ.

ಆ ರಾತ್ರಿ ಊಟದ ಮೇಜಿನ ಮೇಲೆ ಪ್ರಮಾಣಪತ್ರ ಇಟ್ಟಾಗ ತೆರೇಸಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಕೈ ಒರೆಸಿಕೊಂಡು ಅದನ್ನು ಬೀರುವಿನ ಮೇಲೆ, ಎಣ್ಣೆ ಸಿಡಿಯದ ಕಡೆ ಇಟ್ಟರು. "ಸರಿ ರಾಣಿಯಮ್ಮ. ಈಗ ಆಲೂಗಡ್ಡೆ ಸುಲಿ," ಎಂದರು. ಮರುದಿನ ಅಂಗಡಿಯ ಮ್ಯಾನೇಜರಿಗೆ ಫೋನ್ ಮಾಡಿ, ಮಗಳು ಬರುವುದಿಲ್ಲ ಎಂದು ಹೇಳಿದ್ದೂ ಅವರೇ.

ಹೊಸಬಳು, ಈಗಷ್ಟೇ ಕಣ್ಣು ಬಿಡುತ್ತಿರುವ ಕಲಾವಿದೆ ಎಂದು ಯಾರಾದರೂ ಅಂದರೆ ವಿಯೊಲೆತ್ತಾಗೆ ಸಿಟ್ಟು ಬರುತ್ತದೆ. "ಸಾವಿರಾರು ಮಕ್ಕಳು ನನ್ನನ್ನ ನಂಬಿದಾರೆ. ಇನ್ನೂ ಎಷ್ಟು ದಿನ ಕಣ್ಣು ಬಿಡ್ತಾನೇ ಇರ್ಲಿ?" ಎನ್ನುತ್ತಾಳೆ. ಅದೊಂದು ಕಾಗದ ಬಂದದ್ದಕ್ಕೆ ಅವಳ ದಿನಚರಿ ಬದಲಾಗಿಲ್ಲ. ಈ ವಾರವೂ ಬೆಳಿಗ್ಗೆ ಮೂರು ಆಟ. ಇವತ್ತಿನ ಎರಡನೇ ಆಟದ ನಂತರ ಅವಳು ರೆಕ್ಕೆ ಬಿಚ್ಚುತ್ತಿದ್ದಾಗ ನಾಟಕಮಂದಿರದಿಂದ ಕರೆ ಬಂದಿದೆ. ಹೊಸ ನಾಟಕಕ್ಕೆ ಪಾತ್ರವೊಂದಿದೆಯಂತೆ. ಗುಂಪಿನಲ್ಲಿ ಅಲ್ಲ, ಮಾತಿರುವ ಪಾತ್ರ. ಮಾತಾಡಿ ಮುಗಿಸಿ ಅವಳು ಕಾರಿನೊಳಗೆ ಕೂರುತ್ತಾಳೆ. ಝೆನೊನ್ ಕೀಲಿ ತಿರುಗಿಸದೆ ಅವಳನ್ನೇ ನೋಡುತ್ತಾರೆ.

"ಏನಂತೆ?"

"ನಾಳೆ ಹತ್ತಕ್ಕೆ ಬನ್ನಿ, ನಿರ್ದೇಶಕರು ನೋಡ್ತಾರಂತೆ ಅಂದ್ರು."

"ಹೋಗು ಮತ್ತೆ! ಆಟ ನಾನು ಹೇಗೋ ನೋಡ್ಕೋತೀನಿ."

"ಹತ್ತಕ್ಕೆ ಆಗಲ್ಲ, ಆಗ ನಂದೇ ಆಟ ಇದೆ ಅಂದೆ. ಆ ಕಡೆಯೋರು ಯಾರನ್ನೋ ಕೇಳ್ಕೊಂಡು ಬಂದ್ರು. ಆಮೇಲೆ, ಹಾಗಿದ್ರೆ ನಿರ್ದೇಶಕರೇ ಅಲ್ಲಿಗೆ ಬಂದು ನೋಡಬಹುದಾ ಅಂತ ಕೇಳಿದ್ರು."

"ನೀನೇನಂದೆ?"

ವಿಯೊಲೆತ್ತಾ ಫ್ಲಾಸ್ಕಿನ ಮುಚ್ಚಳಕ್ಕೆ ಉಳಿದ ಚಹಾ ಬಗ್ಗಿಸಿ ಅವರ ಕೈಗೆ ಕೊಡುತ್ತಾಳೆ.

"ಬರ್ಲಿ ಅಂದೆ. ಬೂಟು ಬಾಗಿಲಲ್ಲೇ ಬಿಚ್ಚಬೇಕು, ಎಲ್ಲರ ಹಾಗೆ ನೆಲದ ಮೇಲೆ ಕೂರಬೇಕು ಅಂದೆ."