ಅವ್ವನ ಬಲಗೈ, ಡಾಕ್ಟರರ ಕಲ್ಲು

ನಮ್ಮ ಅಪ್ಪ ಕಲ್ಲಿಗೂ ಹೊಡೆಯುತ್ತಿದ್ದ, ಅವ್ವನಿಗೂ ಹೊಡೆಯುತ್ತಿದ್ದ. ಕಲ್ಲಿಗಾದರೆ ನೋಡಿ ಹೊಡೆಯುತ್ತಿದ್ದ. ಬೆರಳಾಡಿಸಿ, ತಟ್ಟಿ, ಎಲ್ಲಿ ಏಟು ಬಿದ್ದರೆ ಎಲ್ಲಿ ಬಿರಿಯುತ್ತದೆ ಎಂದು ತಿಳಿದುಕೊಂಡ ಮೇಲೆ ಸುತ್ತಿಗೆ ಎತ್ತುತ್ತಿದ್ದ. ನಮ್ಮೂರು ಸನಮಡಿಯಿಂದ ಡಫಳಾಪುರದವರೆಗೆ ಅವನು ಕಡೆದ ಬೀಸುವ ಕಲ್ಲು, ಒರಳು ಇಲ್ಲದ ಮನೆ ಕಡಿಮೆ. ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಊರೂರಿಗೆ ಗಿರಣಿ ಬಂತು, ಮನೆಮನೆಗೆ ಮಿಕ್ಸರ್ ಬಂತು. ಅಪ್ಪನ ಕೈಗೆ ಕೆಲಸವಿಲ್ಲವಾಯಿತು. ಕಲ್ಲಿನ ಪಾಲಿನ ಏಟುಗಳೂ ಅವ್ವನಿಗೇ ಬಂದವು.

ನಾನೂ ಅವನ ಮಗಳೇ, ಸಿಟ್ಟು ಮೂಗಿನ ತುದಿಯಲ್ಲಿ. ಬೆಳುಂಕಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಒಂದು ಕೊಟ್ಟ, ನಾನು ಎರಡು ಕೊಟ್ಟೆ, ಗಂಟುಮೂಟೆ ಕಟ್ಟಿಕೊಂಡು ಸನಮಡಿಗೆ ವಾಪಸ್ ಬಂದೆ. ಮನೆಗೆ ಬಂದರೆ ಅಲ್ಲಿಯೂ ಅದೇ ಪಾಠ. ವ್ಯತ್ಯಾಸವೆಂದರೆ ಅವ್ವ ತಿರುಗಿ ಹೊಡೆಯುತ್ತಿರಲಿಲ್ಲ. ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟಿತ್ತೋ ಅವ್ವನ ಮೇಲೂ ಅಷ್ಟೇ ಸಿಟ್ಟಿತ್ತು.

ಒಂದು ಬೇಸಿಗೆಯಲ್ಲಿ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಪ್ಪ ಸುತ್ತಿಗೆಯ ಕಾವನ್ನು, ಬರೀ ಮರದ ಹಿಡಿಯನ್ನು, ಬೀಸಿದ. ಅವ್ವ ತಲೆಗೆ ಅಡ್ಡ ಕೈ ಹಿಡಿದಳು. ಬಲಗೈ ಮಣಿಕಟ್ಟು ಮುರಿದ ಸದ್ದು ನನಗೆ ಒಲೆಯ ಹತ್ತಿರ ಕೇಳಿಸಿತು. ತಾಲೂಕಿನ ಊರು ಜತ್ತದಲ್ಲಿ ಒಬ್ಬರು ಡಾಕ್ಟರಿದ್ದರು, ಅಲ್ಲಿಗೆ ಕರೆದೊಯ್ದೆವು. ಅವರು ಪ್ಲಾಸ್ಟರ್ ಹಾಕುತ್ತಾ ಕೇಳಿದರು, "ಹೆಂಗ ಆತಬೇ?"

"ಬಾವಿ ಮೆಟ್ಟಲದಾಗ ಜಾರಿ ಬಿದ್ದೆರಿ," ಎಂದಳು ಅವ್ವ.

ಡಾಕ್ಟರು ಅವ್ವನನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ಅಪ್ಪನನ್ನು ನೋಡಿದರು. "ಇನ್ನೊಂದ ಸಲ ಇದ ಜಾಗಾಕ್ಕ ಪೆಟ್ಟ ಬಿದ್ರ ಈ ಕೈ ಮತ್ತ ರೊಟ್ಟಿ ಬಡಿಯೂದಿಲ್ಲ. ಆ ಬಾವಿಗೆ ಸ್ವಲ್ಪ ಹೇಳಿ ಇಡ್ರಿ."

ಅಪ್ಪ ನೆಲ ನೋಡಿದ. ಮೂರು ತಿಂಗಳ ನಂತರ ಅದೇ ಡಾಕ್ಟರರ ಜೀಪು ನಮ್ಮ ಅಂಗಳದಲ್ಲಿ ನಿಂತಾಗ, ಅವನು ಬೇಡ ಅನ್ನಲಾರದೆ ಹೋದದ್ದು ಅದಕ್ಕೇ ಇರಬೇಕು.

ಜೀಪಿನಲ್ಲಿ ನಾಲ್ಕು ಚೀಲ ಕಲ್ಲು. ನಮ್ಮ ಕಡೆಯ ಕರಿಕಲ್ಲಲ್ಲ. ಸಮುದ್ರದ ಹವಳದ ಕಲ್ಲು, ಬಿಳಿ, ಹಗುರ, ಮೈತುಂಬಾ ತೂತು. ಮುಂಬಯಿಯ ಅಂಗಡಿಯಿಂದ ತರಿಸಿದ್ದಂತೆ. ಡಾಕ್ಟರರಿಗೆ ಮೀನು ಸಾಕುವ ಹುಚ್ಚು. ದವಾಖಾನೆಯಲ್ಲಿ ಆಗಲೇ ಒಂದು ಸಿಹಿನೀರಿನ ತೊಟ್ಟಿಯಿತ್ತು. ಈಗ ಉಪ್ಪುನೀರಿನ ತೊಟ್ಟಿ ಇಡಬೇಕೆಂಬ ಆಸೆ. ಸಮುದ್ರದ ಮೀನಿಗೆ ಅಡಗಿ ಕೂರಲು ಗವಿ ಬೇಕು, ಆ ಗವಿ ಈ ಕಲ್ಲಿನದೇ ಆಗಬೇಕು. ಗವಿ ಕೊರೆಯಲು ಕಲ್ಲು ಕಡೆಯುವವರೇ ಬೇಕಲ್ಲ.

"ಕಲ್ಲ ಒಣಗೇತಿ ಖರೆ, ಒಳಗ ಸತ್ತ ಹುಳಾ ಕುಂತಾವು," ಎಂದು ಡಾಕ್ಟರು ವಿವರಿಸಿದರು. "ಹಂಗ ನೀರಾಗ ಇಟ್ರ ಕೊಳತು ಮೀನಾ ಸಾಯ್ತಾವು. ಪೈಲಾ ಬ್ರಶ್‌ಲೆ ತಿಕ್ರಿ. ಆಮ್ಯಾಲ ಆ್ಯಸಿಡ್ ನೀರು, ಆಮ್ಯಾಲ ಬ್ಲೀಚಿಂಗ್. ಒಣಗಿಸಿ, ನಾ ಕೊಡೂ ಉಪ್ಪಿನ ನೀರಾಗ ಐದಾರ ವಾರ ಮುಳಗಿಸಿ ಇಡ್ರಿ. ವಾಸನಿ ಹೋಗೂತನಕ."

ಅಪ್ಪ ಎರಡು ದಿನದಲ್ಲಿ ಕೊರೆದು ಮುಗಿಸಿದ. ಉಳಿ ಇಟ್ಟರೆ ಸಾಕು, ಕಲ್ಲು ಬಿಟ್ಟುಕೊಡುತ್ತಿತ್ತು. ಅವನಿಗೆ ಅದು ಅವಮಾನ. "ಇದೇನ ಕಲ್ಲಾ, ಹಪ್ಪಳಾ?" ಎಂದು ಉಗುಳಿದ. ಆದರೆ ಆ್ಯಸಿಡ್ ಅವನಿಗೆ ಹಿಡಿಸಿಬಿಟ್ಟಿತು. ನಮ್ಮ ಅಂಗಳದ ತೊಟ್ಟಿಯಲ್ಲಿ ಹತ್ತು ಪಾಲು ನೀರು, ಅದಕ್ಕೆ ಒಂದು ಪಾಲು ಆ್ಯಸಿಡ್. ನೀರಿಗೆ ಆ್ಯಸಿಡ್ ಹಾಕಬೇಕೇ ಹೊರತು ಆ್ಯಸಿಡ್‌ಗೆ ನೀರಲ್ಲ. ತಿರುವು ಮುರುವಾದರೆ ಮುಖಕ್ಕೇ ಸಿಡಿಯುತ್ತದೆ. ಕಲ್ಲು ಬಿಟ್ಟೊಡನೆ ಬುಸ್ ಎಂದು ನೊರೆ ಏಳುತ್ತಿತ್ತು, ಹೊಗೆ ಗಂಟಲು ಹಿಡಿಯುತ್ತಿತ್ತು. ಸುತ್ತಿಗೆ ಹೊಡೆಯದೆ, ಬೆವರು ಹರಿಸದೆ, ಕಲ್ಲಿನ ಮೇಲ್ಮೈ ತಾನೇ ತಿಂದು ಹೋಗುವುದನ್ನು ಅಪ್ಪ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ನನ್ನ ಬೆರಳ ಸಂದಿಗೆ ಸಿಡಿದ ಹನಿಯ ಕಲೆ ಇವತ್ತಿಗೂ ಇದೆ. ಉಳಿದ ಕಚ್ಚಾ ಆ್ಯಸಿಡ್ ಕ್ಯಾನನ್ನು ನಾನು ಕೊಟ್ಟಿಗೆಯ ಗೂಡಿನಲ್ಲಿ ಎತ್ತಿಟ್ಟೆ.

ಆಮೇಲೆ ಶುರುವಾಯಿತು ಉಪ್ಪುನೀರಿನ ಕಾಲ. ಎರಡು ನೀಲಿ ಡ್ರಮ್ಮು, ಡಾಕ್ಟರರು ಕಳಿಸಿದ ಉಪ್ಪಿನ ಪುಡಿ, ನೀರು ತಿರುಗಿಸಲು ಒಂದು ಪುಟ್ಟ ಪಂಪು. ಪಂಪಿಗೆ ಕರೆಂಟು ಬೇಕು. ಲೋಡ್ ಶೆಡ್ಡಿಂಗಿನಲ್ಲಿ ಕರೆಂಟು ಇರುವುದೇ ಅಷ್ಟಕ್ಕಷ್ಟೆ. ಅದು ಹೋದಾಗೆಲ್ಲ ನಾನು ಕೋಲು ಹಾಕಿ ತಿರುವುತ್ತಿದ್ದೆ. ಮೊದಲ ವಾರ ಆ ನಾತ! ಸತ್ತ ಇಲಿಯನ್ನು ಉಪ್ಪಿನಕಾಯಿ ಹಾಕಿದಂತಿತ್ತು. ಬಾಜೂ ಮನೆಯ ಚಾಚಿ ಗೋಡೆಯ ಆಚೆಯಿಂದಲೇ ಬೈಯುತ್ತಿದ್ದಳು. ಆದರೆ ಮೂಗು ಅಂದರೆ ಅಪ್ಪನದು. ದಿನಾ ಮುಂಜಾನೆ ಒಂದು ಲೋಟದಲ್ಲಿ ಡ್ರಮ್ಮಿನ ನೀರು ಎತ್ತಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಮೂಸುತ್ತಿದ್ದ. "ಇನ್ನೂ ಐತಿ," ಎನ್ನುತ್ತಿದ್ದ. ಆ ಐದಾರು ವಾರ ಅವನು ಯಾರ ಮೇಲೂ ಕೈ ಎತ್ತಲಿಲ್ಲ. ಕೆಲಸವಿದ್ದ ಅಪ್ಪ ಒಳ್ಳೆಯವನೇ. ಹಾಗೆ ಅಂದುಕೊಂಡು ನಾನು ಮೋಸ ಹೋದೆ.

ಆರನೆಯ ವಾರದ ಒಂದು ಬೆಳಿಗ್ಗೆ ಲೋಟ ಮೂಸಿ, "ಹೋತು ನೋಡ," ಎಂದ. ಮಧ್ಯಾಹ್ನ ಡಾಕ್ಟರರ ಜೀಪು ಬರುವುದಿತ್ತು. ಅಪ್ಪ ಚೀಲಕ್ಕೆಂದು ಅಂಗಡಿಗೆ ಹೋದ, ನಾನು ನೀರಿಗೆ ಹೋದೆ.

ನಮ್ಮ ಮನೆಯಿಂದ ಯಾವ ಕಲ್ಲೂ ಒಣ ಮೈಯಲ್ಲಿ ಹೊರಗೆ ಹೋಗಿದ್ದಿಲ್ಲ. ಬೀಸುವ ಕಲ್ಲಾಗಲಿ ಒರಳಾಗಲಿ, ಒಯ್ಯುವವರು ಬರುವ ಮೊದಲು ಮನೆಯ ಹೆಂಗಸು ಅದಕ್ಕೆ ಕುಸುಬಿ ಎಣ್ಣೆ ತಿಕ್ಕಿ, ಒಂದು ಹಿಡಿ ಜೋಳದ ಹಿಟ್ಟು ಉಣಿಸಿ ಕಳಿಸಬೇಕು. ಕಲ್ಲು ಹಸಿದು ಹೋದರೆ ಹೋದ ಮನೆಗೆ ಕೇಡು ಎಂದು ಅಜ್ಜಿ ಅವ್ವನಿಗೆ ಕಲಿಸಿದ್ದಳು. ಅದು ಗಂಡಸರ ಕೆಲಸವಲ್ಲ, ಆದ್ದರಿಂದ ಅಪ್ಪನಿಗೆ ನೆನಪಾಗಲಿಲ್ಲ. ನನಗೆ ನೆನಪಾಗಬೇಕಿತ್ತು, ಈ ಕಲ್ಲಿಗೆ ಬೇಡ ಎಂದು ಅವ್ವನಿಗೆ ಹೇಳಿಡಬೇಕಿತ್ತು, ಆಗಲಿಲ್ಲ.

ನಾನು ಕೊಡ ಹೊತ್ತು ಬಂದಾಗ ಅವ್ವ ಅಂಗಳದಲ್ಲಿ ಕೂತಿದ್ದಳು. ಡ್ರಮ್ಮಿನ ಕಲ್ಲುಗಳನ್ನೆಲ್ಲ ತೆಗೆದು ಸೆರಗಿನಿಂದ ಒರೆಸಿ ಸಾಲಾಗಿ ಇಟ್ಟಿದ್ದಳು. ಒಂದೆರಡು ಬಿಟ್ಟರೆ ಎಲ್ಲವೂ ಎಣ್ಣೆಯಲ್ಲಿ ಮಿರಿಮಿರಿ ಮಿನುಗುತ್ತಿದ್ದವು. ಒಂದೊಂದು ತೂತಿನಲ್ಲೂ ಹಿಟ್ಟು. ಸೊಟ್ಟಗೆ ಕೂಡಿದ ಬಲಗೈಯಿಂದಲೇ ತಿಕ್ಕುತ್ತಿದ್ದಳು.

"ನನ್ನ ಕೈ ಕೂಡಿಸಿದವರ ಕಲ್ಲಲ್ಲೇನ," ಎಂದು ನಕ್ಕಳು. "ಬ್ಯಾರೆದವರ ಕಲ್ಲಿಗಿಂತ ಚಲೋ ಹಚ್ಚೀನಿ."

ನಾನು ಕೊಡ ಇಳಿಸುವ ಮೊದಲೇ ಅಪ್ಪ ಹಿಂದೆ ಬಂದು ನಿಂತಿದ್ದ. ಎಣ್ಣೆ, ಹಿಟ್ಟು ನೀರಲ್ಲಿ ಕೊಳೆತರೆ ಮೀನು ಸಾಯುತ್ತವೆ, ಆರು ವಾರದ ಕೆಲಸ ಹಾಳಾಯಿತು ಎಂದು ಅವನಿಗೆ ಹೊಳೆಯಿತು. ಆಮೇಲೆ ನನಗೆ ಕೂಗಿದ, "ಆ್ಯಸಿಡ್ ತಗೊಂಬಾ. ಲಗೂನ!" ಕಲ್ಲು ತೊಳೆಯಲು ಎಂದುಕೊಂಡು ನಾನು ಕೊಟ್ಟಿಗೆಗೆ ಓಡಿದೆ, ಕ್ಯಾನಿನಿಂದ ಅರ್ಧ ಮಗ್ಗು ಬಗ್ಗಿಸಿಕೊಂಡು ತಿರುಗಿ ಬಂದೆ.

ಬರುವಷ್ಟರಲ್ಲಿ ಅವ್ವನ ತುಟಿ ಒಡೆದಿತ್ತು. ಅಪ್ಪ ಅವಳ ಜುಟ್ಟು ಹಿಡಿದು, ಕಲ್ಲು ಕಡೆಯುವ ದಿಮ್ಮಿಯ ಮೇಲೆ ಅವಳ ಬಲಗೈ ಚಾಚಿಸಿ ಮೊಣಕಾಲಿನಿಂದ ಒತ್ತಿದ್ದ. ಇನ್ನೊಂದು ಕೈಯಲ್ಲಿ ಸುತ್ತಿಗೆ. ಈ ಸಲ ಬರೀ ಕಾವಲ್ಲ, ಸುತ್ತಿಗೆ.

"ಈ ಕೈಲೇನ ಹಚ್ಚಿದಿ? ಇದ ಕೈಲೆ?"

ಅವನ ಕಣ್ಣು ಮಣಿಕಟ್ಟಿನ ಮೇಲಿತ್ತು. ಕಲ್ಲಿಗೆ ಹೊಡೆಯುವ ಮುಂಚೆ ನೋಡುವ ಹಾಗೆ ನೋಡುತ್ತಿದ್ದ.

"ಬಿಡು," ಎಂದೆ. "ಬಿಡಲಿಲ್ಲಂದ್ರ ಇದನ್ನ ನಿನ್ನ ಮಾರಿಗೆ ಹೊಡೀತೀನಿ."

ಅಪ್ಪ ನಕ್ಕ. ನಾನು ಅವನ ಕಾಲ ಬಳಿ ಇದ್ದ, ಎಣ್ಣೆ ಹಚ್ಚದ ಒಂದು ಕಲ್ಲಿನ ಮೇಲೆ ಸ್ವಲ್ಪ ಸುರಿದೆ. ನೀರು ಬೆರೆಸದ ಆ್ಯಸಿಡ್. ಕಲ್ಲು ಬುಸುಗುಟ್ಟಿತು, ನೊರೆ ಉಕ್ಕಿ ಅವನ ಹೆಬ್ಬೆರಳಿಗೆ ಹರಿಯಿತು, ಹೊಗೆ ಎದ್ದಿತು. ಅಪ್ಪ ಚೀರಿ ಹಿಂದಕ್ಕೆ ಬಿದ್ದ. ಸುತ್ತಿಗೆ ಕೈಜಾರಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಅವ್ವನ ಕೈ ಬಿಡುಗಡೆಯಾಗಿತ್ತು. ಆದರೆ ನಾನು ಅವನ ಮುಂದೆ ಹೋಗಿ ನಿಂತು, ಉಳಿದ ಆ್ಯಸಿಡ್ ಇದ್ದ ಮಗ್ಗನ್ನು ಅವನ ಮುಖದ ನೇರಕ್ಕೆ ಎತ್ತಿದೆ. ಹೆದರಿಸಲಿಕ್ಕಲ್ಲ. ಹಾಕಲಿಕ್ಕೇ ಎತ್ತಿದೆ. ಅವ್ವನ ಮುರಿದ ಕೈ, ಬೆಳುಂಕಿಯ ಗಂಡ, ಎಲ್ಲದರ ಸಿಟ್ಟು ನನ್ನ ಭುಜಕ್ಕೆ ಬಂದು ನಿಂತಿತ್ತು. ಅವನ ಮುಖ ನೊರೆ ಉಕ್ಕುವುದನ್ನು ನೋಡಬೇಕೆಂದು ನನಗೆ ಆಸೆಯಾಯಿತು. ಆಸೆ ಎಂಬ ಮಾತನ್ನೇ ಬರೆಯುತ್ತಿದ್ದೇನೆ, ಬೇರೆ ಮಾತು ಹುಡುಕುವುದಿಲ್ಲ.

ಅಷ್ಟರಲ್ಲಿ ಮಗ್ಗಿನ ಬಾಯಿಯ ಮೇಲೆ ಒಂದು ಕೈ ಬಂತು. ಎಣ್ಣೆ, ಹಿಟ್ಟು ಮೆತ್ತಿದ, ಸೊಟ್ಟ ಮಣಿಕಟ್ಟಿನ ಬಲಗೈ. ನಾನು ಮಗ್ಗು ಬೀಸಿದ್ದರೆ ಮೊದಲು ಸುಡುತ್ತಿದ್ದುದು ಅದೇ.

"ಹಾಕು," ಎಂದಳು ಅವ್ವ. "ಇದರ ಮ್ಯಾಲ ಹಾಯ್ಸಿ ಹಾಕು."

ನಾನು ಮಗ್ಗು ನೆಲಕ್ಕಿಟ್ಟೆ. ಅವ್ವ ನನ್ನ ಕೆನ್ನೆಗೆ ಒಂದು ಬಿಟ್ಟಳು, ಅದೂ ಬಲಗೈಯಿಂದಲೇ. ಜೀವಮಾನದಲ್ಲಿ ಅವಳು ಹೊಡೆದ ಏಟು ಅದೊಂದೇ, ಅದು ಬಿದ್ದದ್ದು ನನಗೆ.

ಮಧ್ಯಾಹ್ನ ಬಂದ ಡಾಕ್ಟರು ಎಣ್ಣೆಯ ಕಲ್ಲು, ಅವ್ವನ ತುಟಿ, ಅಪ್ಪನ ಹೆಬ್ಬೆರಳು ಮೂರನ್ನೂ ನೋಡಿದರು. ಬೆರಳಿಗೆ ಮುಲಾಮು ಹಚ್ಚಿ, "ಬಾವಿ ಇವತ್ತ ನಿಮ್ಮನ್ನೂ ಕೆಡವಿತೇನ?" ಎಂದರು. ಕಲ್ಲನ್ನು ಮತ್ತೆ ಮೊದಲಿನಿಂದ ಮಾಡಬೇಕೆಂದರು. ಸೋಡಾ ಹಾಕಿದ ಬಿಸಿನೀರು, ಬ್ರಶ್ಶು, ಆ್ಯಸಿಡ್ ನೀರು, ಬ್ಲೀಚಿಂಗ್, ಮತ್ತೆ ಆರು ವಾರ ಉಪ್ಪುನೀರು. ಎಲ್ಲವನ್ನೂ ಮಾಡಿದೆವು. ಅಪ್ಪ ಮುಂಜಾನೆ ಲೋಟ ಮೂಸುತ್ತಿದ್ದ, ನಾನು ಕೋಲು ತಿರುವುತ್ತಿದ್ದೆ. ಕೊನೆಗೆ ದವಾಖಾನೆಯ ತೊಟ್ಟಿಯಲ್ಲಿ ಆ ಗವಿಗಳೊಳಗೆ ಕಿತ್ತಳೆ ಬಣ್ಣದ ಮೀನು ಆಡಿದವು. ಅವ್ವ ಹೋಗಿ ನೋಡಿ ಬಂದಳು.

ಅಪ್ಪ ಮತ್ತೆ ಅವಳ ಮೇಲೆ ಕೈ ಎತ್ತಲಿಲ್ಲ. ಸುಧಾರಿಸಿದ ಎಂದು ಊರಲ್ಲಿ ಅಂದರು. ಸುಧಾರಿಸಿರಲಿಲ್ಲ, ನನಗೆ ಹೆದರಿದ್ದ. ನನಗೆ ಅದೇ ಸಾಕಿತ್ತು.

ಕೆಲವು ವರ್ಷಗಳ ನಂತರ ಕಲ್ಲಿನ ಧೂಳು ಪುಪ್ಪುಸಕ್ಕಿಳಿದು ಅಪ್ಪ ಹಾಸಿಗೆ ಹಿಡಿದ. ಕೆಮ್ಮಿ ಕೆಮ್ಮಿ ಬಾಯಾರಿ ನೀರು ಕೇಳುತ್ತಿದ್ದ. ಅವ್ವ ಕೊಟ್ಟರೆ ಗಟಗಟ ಕುಡಿಯುತ್ತಿದ್ದ. ಅವಳು ಇಲ್ಲದಾಗ ನಾನು ಲೋಟ ಹಿಡಿದು ಹೋದರೆ, ಎರಡೂ ಕೈಯಿಂದ ಅದನ್ನು ಇಸಿದುಕೊಂಡು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಮೂಸುತ್ತಿದ್ದ. ಕುಡಿಯುವವರೆಗೆ ನಾನು ನಿಂತು ಕಾಯುತ್ತಿದ್ದೆ.