ಅಗ್ನಿನಕ್ಷತ್ರದಲ್ಲೊಂದು ಚಳಿ

ಒಂದು ಕಾಲದಲ್ಲಿ ಮದ್ರಾಸಿನ ಪೆರಂಬೂರಿನ ನಮ್ಮ ಬೀದಿಯ ಹೆಂಗಸರ ಕಾಯಿಲೆಗಳನ್ನೆಲ್ಲ ನಾನು ಬಾಗಿಲಲ್ಲಿ ನಿಂತೇ ತೀರ್ಮಾನ ಮಾಡಿ ಕಳಿಸುತ್ತಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಆದರೂ ನಲವತ್ತೈದು ದಾಟಿದವಳು ಸುಸ್ತು ಅಂದರೂ, ಸಿಟ್ಟು ಅಂದರೂ, ಮೊಣಕಾಲು ನೋವು ಅಂದರೂ ನನ್ನ ಉತ್ತರ ಒಂದೇ: "ಮುಟ್ಟು ನಿಲ್ಲೋ ಕಾಲ ಕಣೇ, ಎರಡು ವರ್ಷ ಹಲ್ಲು ಕಚ್ಕೊಂಡಿರು." ಇಷ್ಟು ಸುಲಭದ ವೈದ್ಯ ಇನ್ನೊಂದಿಲ್ಲ. ಔಷಧ ಕೊಡಬೇಕಾಗಿಲ್ಲ, ಎರಡು ವರ್ಷದ ತನಕ ಯಾರೂ ಬಂದು ತಪ್ಪು ಅನ್ನುವಂತೆಯೂ ಇಲ್ಲ.

ಸೊಸೆ ವಿಮಲಳಿಗೂ ಅದನ್ನೇ ಹೇಳಿದೆ. ಅವಳು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಳು, ವಯಸ್ಸು ನಲವತ್ತೇಳು. ಕೌಂಟರಿನಲ್ಲಿ ಅವಳಷ್ಟು ಚುರುಕಿನವರಿಲ್ಲ ಎಂದು ಹೆಸರು ತೆಗೆದುಕೊಂಡವಳು ಆ ವರ್ಷ ಮಂಕಾಗಿಬಿಟ್ಟಳು. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಕುರ್ಚಿಗೆ ಬೀಳುವಳು. ಮುಖ ಊದಿಕೊಂಡಿತು, ಬಾಚಣಿಗೆ ತುಂಬ ಕೂದಲು. ಹೇಳಿದ್ದು ಮರೆಯುವಳು. ಸೋಮಾರಿಯಾಗಿದ್ದಾಳೆ ಎಂದು ನಾನು ಮಗನ ಕಿವಿಗೆ ಹಾಕಿದ್ದೂ ಉಂಟು. ಮುಚ್ಚಿಡುವುದೇನು?

ಆಗ ಬ್ಯಾಂಕುಗಳಲ್ಲಿ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಳ್ಳುವ ಗಾಳಿ ಬೀಸುತ್ತಿತ್ತು. ವಿಮಲಳೂ ಫಾರಂ ತಂದಳು.

"ತಲೆ ಓಡ್ತಾ ಇಲ್ಲ ಅತ್ತೆ. ಇಪ್ಪತ್ತು ವರ್ಷದಿಂದ ನೋಡಿದ ಕಸ್ಟಮರ್ ಹೆಸರೇ ಬಾಯಿಗೆ ಬರಲ್ಲ. ಅವಮಾನ ಆಗೋ ಮೊದಲು ನಾನೇ ಎದ್ದು ಬಂದ್ಬಿಡ್ತೀನಿ."

ಕೊಡಲು ಮೇ ತಿಂಗಳ ಕೊನೆಯ ತನಕ ಸಮಯವಿತ್ತು. ಮಹಾ ವೈದ್ಯೆಯಾದ ನಾನು "ಈ ಕಾಲದಲ್ಲಿ ಬುದ್ಧಿ ಹಾಗೇನೇ, ಬಿಟ್ಬಿಡು" ಎಂದೆ. ಆ ಕೆಲಸ ಅವಳಿಗೆ ಎಷ್ಟು ಪ್ರಾಣ ಎಂದು ಗೊತ್ತಿದ್ದೂ ಹಾಗೆಂದೆ. ಹೆರಿಗೆಯಾದ ಮೂರೇ ತಿಂಗಳಿಗೆ ಮಗುವನ್ನು ನನ್ನ ಮಡಿಲಿಗೆ ಹಾಕಿ ಎಲೆಕ್ಟ್ರಿಕ್ ರೈಲಿಗೆ ಓಡಿದವಳು ಅವಳು.

ಒಂದು ಭಾನುವಾರ ಮಧ್ಯಾಹ್ನ. ಅಗ್ನಿನಕ್ಷತ್ರ ಎಂದು ನಾವು ಕರೆಯುವ ಆ ದಿನಗಳಲ್ಲಿ ಮದ್ರಾಸಿನ ಗೋಡೆಯೂ ಬೆವರುತ್ತದೆ. ವಿಮಲ ಎದ್ದು ಫ್ಯಾನು ಆರಿಸಿ, ಹೊದಿಕೆ ಎಳೆದುಕೊಂಡು ಮಲಗಿದಳು. ಮೊಮ್ಮಗಳಿಗೆ ನಾವು ಕನ್ನಡದಲ್ಲಿ ಬೈದರೂ ಉತ್ತರ ಬರುವುದು ತಮಿಳಿನಲ್ಲೇ. "ಅಯ್ಯೋ, ಫ್ಯಾನ್ ಪೋಡುಮ್ಮಾ, ವೇಗುದು!" ಎಂದು ಕಿರುಚಿದಳು. ಬೇಯುತ್ತಿದ್ದದ್ದು ನಿಜ.

"ಚಳಿ ಕಣೇ" ಎಂದಳು ತಾಯಿ, ಒಡಕು ದನಿಯಲ್ಲಿ.

ನನಗೆ ಅಲ್ಲಿ ಏನೋ ಕುಟುಕಿತು. ನನ್ನ ಮುಟ್ಟು ನಿಲ್ಲುವಾಗ ಎದೆಯಿಂದ ಕೆನ್ನೆಗೆ ಬಿಸಿ ಏರುತ್ತಿತ್ತು. ಧನುರ್ಮಾಸದ ಮುಂಜಾನೆಯಲ್ಲೂ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದೆ. ನನ್ನ ಅಕ್ಕತಂಗಿಯರೂ ಹಾಗೆಯೇ ಬೆಂದವರು. ನಡುಗಿದವರನ್ನು ನಾನು ಕಂಡಿರಲಿಲ್ಲ.

ಮರುದಿನ ಅವಳನ್ನು ಪುರಸೈವಾಕ್ಕಂನಲ್ಲಿದ್ದ ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದೆ. ಕೂತ ತಕ್ಷಣ ನಾನೇ ಶುರುಮಾಡಿದೆ, ನನ್ನ ಅರ್ಧ ತಮಿಳಿನಲ್ಲಿ: ಇವಳಿಗೆ ಮುಟ್ಟು ನಿಲ್ಲುವ ಕಾಲ, ಸರಿ, ಆದರೆ ಚಳಿ ಯಾಕೆ? ಡಾಕ್ಟರಮ್ಮ ಕನ್ನಡಕದ ಮೇಲಿಂದ ಈ ಅಜ್ಜಿಯನ್ನು ನೋಡಿ, "ಪಾಟಿ, ಡಾಕ್ಟರ್ ನೀಂಗಳಾ, ನಾನಾ?" ಎಂದಳು. ಆಮೇಲೆ ವಿಮಲಳ ಕಡೆ ತಿರುಗಿ, ಮುಟ್ಟು ನಿಂತಿದೆಯೇ ಎಂದು ಕೇಳಿದಳು.

ವಿಮಲ ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ನಿಂತಿಲ್ಲ, ಮೊದಲಿಗಿಂತ ಜಾಸ್ತಿಯೇ ಹೋಗುತ್ತಿದೆ ಎಂದಳು.

ನಾನು ಬೆಪ್ಪಾದೆ. ಬೀದಿಗೆಲ್ಲ ಸಾರಿದ್ದ ನಾನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ!

ಯಾಕೆ ಕೇಳಲಿಲ್ಲ? ನಮ್ಮತ್ತೆಯ ಕಾಲದಲ್ಲಿ ಕೇಳಬೇಕಾಗಿರಲಿಲ್ಲ. ಮೂರು ದಿನ ಹೊರಗೆ ಕೂರುತ್ತಿದ್ದೆವು. ಯಾರು ಎಂದು ಕೂತರು, ಯಾರಿಗೆ ಎಷ್ಟು ದಿನ ತಡವಾಯಿತು ಎಂಬುದು ಹಾಲಿನವಳಿಗೂ ಗೊತ್ತಿರುತ್ತಿತ್ತು. ಕೂರುವುದು ತಪ್ಪಿದ ಮೇಲೆ ನಮ್ಮತ್ತೆ ಪೆನ್ಶನ್ ಬಂದವರ ಹಾಗೆ ಬೀಗಿದ್ದರು. ವಿಮಲ ಬಂದ ಮೇಲೆ ಆ ಪದ್ಧತಿ ಬಿಟ್ಟೆವು. ಬಿಟ್ಟಿದ್ದು ಒಳ್ಳೆಯದೇ, ಎರಡು ಕೋಣೆಯ ಮನೆಯಲ್ಲಿ ಹೊರಗೆ ಅಂದರೆ ಎಲ್ಲಿ, ಮೆಟ್ಟಿಲ ಮೇಲಾ? ಆದರೆ ಕೂರುವುದರ ಜೊತೆಗೆ ಅದರ ಮಾತನ್ನೂ ಬಿಟ್ಟೆವು. ಮೈಲಿಗೆ ಹೋಯಿತು, ನಾಚಿಕೆ ಉಳಿಯಿತು.

ಜಾಸ್ತಿ ಹೋಗುವುದು ಮುಟ್ಟು ನಿಲ್ಲುವ ಕಾಲದಲ್ಲೂ ಉಂಟು, ಥೈರಾಯ್ಡ್ ಕಾಯಿಲೆಯಲ್ಲೂ ಉಂಟು ಎಂದಳು ಡಾಕ್ಟರಮ್ಮ. ಸುಸ್ತು, ಮರೆವು, ತೂಕ, ಬೇಸರ, ಇವೂ ಅಷ್ಟೆ. ಮೈ ಬಿಸಿಯೇರಿ ಬೆವರಿದರೆ ಮುಟ್ಟು ನಿಲ್ಲುವ ಲಕ್ಷಣ. ಚಳಿ, ಮಲಬದ್ಧತೆ, ಒಣಚರ್ಮ, ಒಡಕು ದನಿ ಇದ್ದರೆ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಮಂದವಾಗಿದೆಯೇ ಎಂದು ನೋಡಬೇಕು. ಎರಡೂ ಒಟ್ಟಿಗೆ ಬರುವುದೂ ಉಂಟು. ಮುಖ ನೋಡಿ ಹೇಳುವ ಹಾಗಿಲ್ಲ, ರಕ್ತ ಪರೀಕ್ಷೆ ಮಾಡಬೇಕು. ಮುಖ ನೋಡಿ ಎನ್ನುವಾಗ ಅವಳು ನನ್ನ ಕಡೆ ನೋಡಿದಳೆಂದು ನನ್ನ ಗುಮಾನಿ.

ರಕ್ತ ಹೇಳಿತು: ಥೈರಾಯ್ಡೇ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಮಾತ್ರೆ, ಆಮೇಲೆ ಒಂದು ಗಂಟೆ ಕಾಫಿ ಇಲ್ಲ. ನಮ್ಮ ಮನೆಯಲ್ಲಿ ಅದು ಕಾಯಿಲೆಗಿಂತ ದೊಡ್ಡ ಶಿಕ್ಷೆ. ಗುಣ ಕಾಣಲು ವಾರಗಟ್ಟಲೆ ಬೇಕು ಎಂದೂ ಹೇಳಿದ್ದಳು.

ತಿಂಗಳ ಕೊನೆ ಅಷ್ಟು ಕಾಯಲಿಲ್ಲ. ಮಾತ್ರೆ ಇನ್ನೂ ಏನೂ ಮಾಡಿರಲಿಲ್ಲ, ವಿಮಲ ಫಾರಂ ಹಿಡಿದು ನನ್ನ ಮುಂದೆ ಕೂತಳು. "ಏನ್ಮಾಡ್ಲಿ ಅತ್ತೆ? ಇವತ್ತೇ ಕಡೇ ದಿನ."

"ಬೇಕಿದ್ರೆ ಆ ಗ್ರಂಥಿಗೆ ನಿವೃತ್ತಿ ಕೊಡ್ಸು. ನಿನಗ್ಯಾಕೆ?" ಎಂದೆ. ಬಾಯಿ ಅಷ್ಟಕ್ಕೇ ನಿಲ್ಲಲಿಲ್ಲ. "ನಿನ್ನ ಸೋಮಾರಿ ಅಂದಿದ್ದು ನನ್ನ ತಪ್ಪು."

"ಅಂದಿದ್ರಾ? ಯಾರ ಹತ್ರ?"

ಮಗ ಅವಳಿಗೆ ಹೇಳಿಯೇ ಇರಲಿಲ್ಲ. ಸುಮ್ಮನೆ ಒಪ್ಪಿಕೊಂಡು ಸಿಕ್ಕಿಬಿದ್ದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, ಎಷ್ಟೋ ತಿಂಗಳಾದ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಫಾರಂ ಕೊಡಲಿಲ್ಲ.

ತಮಿಳರ ಆಡಿ ಮಾಸ ಆಗಸ್ಟಿನಲ್ಲಿ ಮುಗಿಯುವಷ್ಟರಲ್ಲಿ ಅವಳಿಗೆ ನನ್ನ ಜೊತೆ ಜಗಳವಾಡುವ ತ್ರಾಣ ಬಂತು. ಈಗಲೂ ಅದೇ ಕೌಂಟರಿನಲ್ಲಿದ್ದಾಳೆ. ಮುಟ್ಟು ನಿಲ್ಲುವ ಕಾಲ ಎರಡು ವರ್ಷದ ಮೇಲೆ ಬಂತು. ಮೊದಲ ಸಲ ಮೈ ಬಿಸಿಯೇರಿದ ದಿನವೇ ಅಡುಗೆಮನೆಗೆ ಬಂದು, ನಾನು ಕೇಳದೆಯೇ, ಎಲ್ಲವನ್ನೂ ಹೇಳಿದಳು. ನಾನು ತೀರ್ಮಾನ ಹೇಳಲಿಲ್ಲ, ಪೂರ್ತಿ ಕೇಳಿಸಿಕೊಂಡೆ. ನನ್ನ ವೈದ್ಯದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ.