ರೇಣುಕಾ ತಿರುಗಿ ನೋಡಿದ ಟೇಪು

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಆ ರಾತ್ರಿ ಅಂಗಡಿಯಲ್ಲಿ ನಾವು ಮೂವರಿದ್ದೆವು, ಮೂವರೂ ಕೇಳಿಸಿಕೊಂಡೆವು. ನಮ್ಮಲ್ಲಿ ಒಬ್ಬರು ಈಗಿಲ್ಲ...

ಹರಪನಹಳ್ಳಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಹಿಂದೆ ಮದುವೆ ವಿಡಿಯೋ ತೆಗೆಯುತ್ತಿದ್ದೆ. ಈಗ ಆ ಹಳೆಯ ಕ್ಯಾಸೆಟ್ಟುಗಳನ್ನೇ ಕಂಪ್ಯೂಟರಿಗೆ ಇಳಿಸಿ ಡಿಸ್ಕ್ ಮಾಡಿಕೊಡುತ್ತೇನೆ. ಮೂರು ತಾಸಿನ ಟೇಪು ಇಳಿಯಲು ಮೂರು ತಾಸೇ ಬೇಕು.

ಹೋದ ಮಳೆಗಾಲದಲ್ಲಿ ಹಲವಾಗಲಿನ ಸಿದ್ದೇಶ ತನ್ನ ಮದುವೆಯ ಟೇಪು ತಂದ. ಅದನ್ನು ತೆಗೆದವನು ನಾನೇ. ಜೊತೆಗೆ ಅವನ ತಾಯಿ ಗಂಗಮ್ಮ. ಅವರಿಗೆ ಕಣ್ಣು ಪೂರ್ತಿ ಹೋಗಿತ್ತು.

“ನಾ ನೋಡೋದೇನೈತ್ರಿ. ನನ್ನ ಮಗಳ ದನಿ ಒಮ್ಮಿ ಕೇಳಿಸ್ರಿ, ಸಾಕು,” ಎಂದರು.

ಮಗಳು ರೇಣುಕಾ. ಅಣ್ಣನ ಮದುವೆಯಾದ ವರ್ಷವೇ ಹೊಳೆಗೆ ಬಟ್ಟೆ ಒಗೆಯಲು ಹೋದವಳು ಮರಳಲಿಲ್ಲ. ಹೆಣವೂ ಸಿಗಲಿಲ್ಲ.

ಹಗಲೆಲ್ಲ ಕರೆಂಟ್ ಇರಲಿಲ್ಲ, ಬಂದಾಗ ರಾತ್ರಿ ಎಂಟು. ಟೇಪಿನ ಬೂಷ್ಟು ಒರೆಸಿ ಹಾಕಿದೆ. ಯಂತ್ರ ಬಿಸಿಯಾದಂತೆ ಒದ್ದೆ ಗೋಣಿಚೀಲದಂಥ ವಾಸನೆ... ಓಲಗ, ಅಕ್ಷತೆ, ಊಟದ ಪಂಕ್ತಿ ಎಲ್ಲ ಮುಗಿದವು. ರೇಣುಕಾ ಅಲ್ಲಲ್ಲಿ ಸುಳಿದರೂ ಮಾತಾಡಿರಲಿಲ್ಲ.

ಕೊನೆಗೆ ಅಡುಗೆಮನೆ ಬಂತು. ಒಬ್ಬ ಹುಡುಗಿ ನಮಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಪಟ್... ಪಟ್... ಪಟ್...

“ಇದು ರೇಣುಕಾನ ಕೈ,” ಎಂದು ಗಂಗಮ್ಮ ನೆಟ್ಟಗೆ ಕೂತರು. ಆಮೇಲೆ, ಮನೆಯಲ್ಲಿ ಕೇಳುವ ಹಾಗೆಯೇ ಮೆಲ್ಲಗೆ ಕೇಳಿದರು.

“ಉಂಡೇನವ್ವಾ?”

ಬಡಿಯುವ ಸದ್ದು ನಿಂತಿತು.

ಹುಡುಗಿ ತಿರುಗಿದಳು. ನೋಡಿದ್ದು ಗಂಗಮ್ಮ ಕೂತಿದ್ದ ಕಡೆ.

“ಇಲ್ಲಬೇ. ನೀ ಬಾ... ಕೂಡಿ ಉಣ್ಣಾಣ.”

ಸಿದ್ದೇಶ ನನ್ನ ತೋಳು ಹಿಡಿದುಕೊಂಡಿದ್ದ. ಅವನ ಅಂಗೈ ಮಂಜಿನಂತಿತ್ತು.

ನಾನು ಟೇಪು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ರೇಣುಕಾ ಬೆನ್ನು ಮಾಡಿಯೇ ರೊಟ್ಟಿ ಬಡಿದಳು, ಒಮ್ಮೆಯೂ ತಿರುಗಲಿಲ್ಲ. ನಂತರ ಕಂಪ್ಯೂಟರಿಗೆ ಇಳಿದದ್ದನ್ನು ತೆರೆದೆ. ಅದರಲ್ಲಿ ಮಗಳ ಉತ್ತರವಿತ್ತು. ತಾಯಿಯ ಪ್ರಶ್ನೆಯೂ ಇತ್ತು... ನನ್ನ ಅಂಗಡಿಯಲ್ಲಿ ಮೈಕ್ ಇಲ್ಲ. ಟೇಪಿನ ಯಂತ್ರದಿಂದ ಬರುವ ಒಂದು ವೈರಿನ ಹೊರತು ಆ ಕಂಪ್ಯೂಟರಿಗೆ ಬೇರೆ ಕಿವಿಯಿಲ್ಲ.

ಸಿದ್ದೇಶ ನನ್ನನ್ನು ಹೊರಗೆ ಕರೆದ.

“ಆಕಿ ಹೋದ ದಿನ ಅವ್ವ ಏನೋ ಬೈದಿದ್ಲ್ರಿ. ರೇಣುಕಾ ಉಣ್ಣೋ ತಾಟು ಬಿಟ್ಟು ಎದ್ದು ಹೋಗಿದ್ಲು. ಡಿಸ್ಕಿನ್ಯಾಗ ಈ ತುಣುಕು ಹಾಕಬ್ಯಾಡ್ರಿ.”

ಹಾಕಲಿಲ್ಲ. ಗಂಗಮ್ಮ ಮಾತ್ರ ಎಷ್ಟೋ ವರ್ಷದ ಭಾರ ಇಳಿಸಿದವರಂತೆ, ಮಗನ ಭುಜ ಹಿಡಿದು ನಗುತ್ತಾ ಹೋದರು.

ಎರಡು ವಾರದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ನಾನು ಹಲವಾಗಲಿಗೆ ಹೋದೆ.

“ಅವತ್ತಿಂದ ಒಂದು ತುತ್ತು ಮುಟ್ಟಲಿಲ್ರಿ,” ಎಂದ ಸಿದ್ದೇಶ. “ದವಾಖಾನಿಗೆ ಒಯ್ದಿವಿ, ಕೈ ಮುಗಿದು ಬೇಡಿಕೊಂಡಿವಿ. ‘ಆಕಿ ಕಾಯಾಕತ್ತಾಳಪ್ಪ, ನಾ ಹೆಂಗ ಮದ್ಲು ಉಣ್ಣಲಿ’ ಅಂತಿದ್ಲು.”

ಟೇಪು ಹಾಕಿದ ಕೈ ನನ್ನದು.

ಇವತ್ತು ಸಂಜೆ ಸಿದ್ದೇಶ ಅಂಗಡಿಗೆ ಬಂದ. ಬಹಳ ಸೊರಗಿದ್ದ. ಕುರ್ಚಿಯಲ್ಲಿ ಕೂತು, ಕಂಪ್ಯೂಟರನ್ನೇ ನೋಡುತ್ತಾ ಕೇಳಿದ.

“ಆ ತುಣುಕು ಇನ್ನೂ ಐತೇನ್ರಿ? ಅವ್ವನ ದನಿ ನಮ್ಮತ್ರ ಬ್ಯಾರೆ ಎಲ್ಲೂ ಇಲ್ಲ. ಒಮ್ಮಿ ಹಚ್ರಿ... ಮಾತಾಡಿಸ್ತೀನಿ.”

ಕೇಳ್ತೀನಿ ಅನ್ನಲಿಲ್ಲ. ಮಾತಾಡಿಸ್ತೀನಿ ಅಂದ.

ಅಳಿಸಿಬಿಟ್ಟೆ ಎಂದು ಸುಳ್ಳು ಹೇಳಿ ಕಳಿಸಿದೆ. ನಂಬಿದನೋ ಇಲ್ಲವೋ ಗೊತ್ತಿಲ್ಲ. ನಾಳೆ ಮತ್ತೆ ಬರ್ತೀನಿ ಎಂದು ಹೋಗಿದ್ದಾನೆ.